ಎಕರೆ ಎಂಬ ಮಾತು, ಅಕ್ಕಾತಾಯಿಯ ಒಂದು ಸಾಲು

ಈಚೆಗೆ ಚಿಕ್ಕೋಡಿಯಲ್ಲಿ ಹೊಸದಾಗಿ ಸರ್ವೇ ಕೆಲಸಕ್ಕೆ ಸೇರಿದ ಹತ್ತು-ಹನ್ನೆರಡು ಹುಡುಗ ಹುಡುಗಿಯರ ಮುಂದೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದರು. ನಿವೃತ್ತನಾದವನನ್ನು ಕರೆದರೆ ಅವನು ಬೇಡ ಅನ್ನುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಹೋದವನೇ ಒಂದು ಪ್ರಶ್ನೆ ಕೇಳಿದೆ: ಎಕರೆ ಅಂದರೇನು?

ಒಬ್ಬ ನಲವತ್ತು ಗುಂಟೆ ಅಂದ. ಇನ್ನೊಬ್ಬಳು ನಲವತ್ಮೂರು ಸಾವಿರದ ಐನೂರ ಅರವತ್ತು ಚದರ ಅಡಿ ಎಂದು ಉಸಿರು ಬಿಡದೆ ಹೇಳಿದಳು. ಎರಡೂ ಸರಿ. ನಾನು ಕೇಳಿದ್ದು ಅದನ್ನಲ್ಲ ಅಂದೆ. ಅದು ಎಲ್ಲಿಂದ ಬಂತು, ಹುಟ್ಟಿದಾಗ ಅದರ ಅರ್ಥ ಏನಿತ್ತು ಅಂದೆ. ಮುಂದಿನ ಸಾಲಿನವರು ಪುಸ್ತಕ ತಿರುವತೊಡಗಿದರು. ಹಿಂದಿನ ಸಾಲಿನ ಒಬ್ಬ ಮಾತ್ರ, "ಸರ್, ಅದು ನಮ್ಮ ಕನ್ನಡ ಮಾತ ಅಲ್ರಿ?" ಅಂದ. ನಗಬೇಡಿ. ನೌಕರಿಯ ಮೊದಲ ಮೂರು ವರ್ಷ ನನ್ನ ತಿಳಿವಳಿಕೆಯೂ ಅಷ್ಟೇ ಇತ್ತು. ಹೊಲ, ಎತ್ತು, ಎಕರೆ ಎಲ್ಲ ಒಂದೇ ಮನೆಯ ಮಾತು ಅಂದುಕೊಂಡಿದ್ದೆ. ಆ ತಿಳಿಗೇಡಿತನದಲ್ಲೇ ಯಡೂರಿನ ಆಚೆಯ ಒಂದು ಹಳ್ಳಿಯಲ್ಲಿ ಅಕ್ಕಾತಾಯಿ ಎಂಬ ಹೆಣ್ಣುಮಗಳ ಬಾವಿಯನ್ನು ನನ್ನ ಕೈಯಾರೆ ಇನ್ನೊಬ್ಬರ ಪಾಲಿಗೆ ಹಾಕಿ ಬಂದೆ.

ಅದನ್ನು ಅಂದು ಆ ಮಕ್ಕಳಿಗೆ ಪೂರ್ತಿ ಹೇಳಲು ಆಗಲಿಲ್ಲ. ಊಟದ ಹೊತ್ತಾಗಿತ್ತು, ಎಲ್ಲರ ಕಣ್ಣು ಬಾಗಿಲ ಕಡೆ ಇತ್ತು. ಅದಕ್ಕೇ ಮನೆಗೆ ಬಂದು ಬರೆಯಲು ಕೂತೆ. ನನ್ನ ಬಡ್ತಿಗಳ ವಿಷಯ ಇದರಲ್ಲಿ ಇರುವುದಿಲ್ಲ. ಅವು ತಡವಾಗಿ ಬಂದವು, ಬಂದದ್ದು ನನ್ನ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ.

ನಾನು ಸೇರಿದಾಗ ಈಗಿನ ಹಾಗೆ ಉಪಗ್ರಹ ನೋಡಿ ಅಳೆಯುವ ಯಂತ್ರ ಇರಲಿಲ್ಲ. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ, ಲಂಬ ನೋಡುವ ಒಂದು ಮರದ ಶಂಕು, ಎರಡು ಬಾವುಟ, ಒಂದು ಚೀಲ ಗೂಟ. ಇಷ್ಟೇ ಸರಕಾರ. ಆ ಸರಪಳಿಯ ಒಂದು ಉದ್ದ, ಒಂದು ಅಗಲ ಸೇರಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ನಮ್ಮ ಕಡೆ ಭೂಮಿ ಅಳತೆಗೆ ಮೋಜಣಿ ಅನ್ನುತ್ತಾರೆ, ಅಳೆಯುವವನಿಗೆ ಮೋಜಣಿ ಸಾಹೇಬ. ಇಪ್ಪತ್ತೈದರ ಹರೆಯದಲ್ಲಿ ನೆರೆತ ಮೀಸೆಯವರು ಎದ್ದು ನಿಂತು "ಬರ್ರಿ ಸಾಹೇಬ್ರ" ಎಂದರೆ ತಲೆ ನಿಲ್ಲುತ್ತದೆಯೇ? ನನ್ನದು ನಿಂತಿರಲಿಲ್ಲ.

ನನ್ನ ಜೊತೆ ಸರಪಳಿ ಎಳೆಯುವ ಕೆಲಸಕ್ಕೆ ಭರಮಣ್ಣ ಇದ್ದ. ನನಗಿಂತ ದುಪ್ಪಟ್ಟು ವಯಸ್ಸು. ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲ ಕಡೆಯ ಕಲ್ಲು ಅವನಿಗೆ ಗೊತ್ತು, ಎಲ್ಲ ಊರ ಚಹಾದಂಗಡಿ ಇನ್ನೂ ಚೆನ್ನಾಗಿ ಗೊತ್ತು. ನಾನು ಏನಾದರೂ ತಪ್ಪು ಮಾಡಲು ಹೊರಟರೆ ಅವನು ಬಾಯಿ ಬಿಟ್ಟು ಬೇಡ ಅನ್ನುತ್ತಿರಲಿಲ್ಲ. ಎಲೆಯಡಿಕೆ ಚೀಲ ಬಿಚ್ಚಿ ನಿಧಾನಕ್ಕೆ ಸುಣ್ಣ ಹಚ್ಚಲು ಶುರುಮಾಡುತ್ತಿದ್ದ. ಅದರ ಅರ್ಥ ತಿಳಿಯಲು ನನಗೆ ವರ್ಷ ಹಿಡಿಯಿತು.

ಅಳತೆಯ ಮಾತು ಊರಿಂದ ಊರಿಗೆ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಕಾಗವಾಡದ ಹತ್ತಿರ ಒಬ್ಬ ದ್ರಾಕ್ಷಿ ಬೆಳೆಗಾರರ ತೋಟಕ್ಕೆ ಹೋಗಿದ್ದೆವು. ಅವರ ಅರ್ಧ ತೋಟ ನಮ್ಮ ಕಡೆ, ಇನ್ನರ್ಧ ಗಡಿಯಾಚೆ. ನಮ್ಮ ಕಾಗದದಲ್ಲಿ ಎಕರೆ-ಗುಂಟೆ, ಆಚೆಯ ಕಾಗದದಲ್ಲಿ ಹೆಕ್ಟೇರು. ನಾನು ಹಾಳೆ ಹಿಡಿದು ಗುಣಿಸಿ ಭಾಗಿಸಿ ಬೆವರುತ್ತಿದ್ದೆ. ಪಡಸಾಲೆಯಲ್ಲಿ ಕೂತಿದ್ದ ಅವರ ತಾಯಿ, "ಅಯ್ಯ, ಅದಕ್ಕೇನ್ ಇಷ್ಟು ತ್ರಾಸ ತಗೋತಿಯೋ ಎಪ್ಪಾ. ಆ ಕಡಿದು ಒಂದ್ ಕೂರಿಗಿ, ಈ ಕಡಿದು ಒಂದ್ ಕೂರಿಗಿ. ಮುಗೀತ" ಅಂದರು.

ಕೂರಿಗೆ ಅಂದರೆ ಬಿತ್ತುವ ಸಾಧನ. ಒಂದು ಜೋಡಿ ಎತ್ತು ಒಂದು ದಿನದಲ್ಲಿ ಒಂದು ಕೂರಿಗೆಯಿಂದ ಎಷ್ಟು ಬಿತ್ತುತ್ತವೋ ಅಷ್ಟು ನೆಲಕ್ಕೂ ಅದೇ ಹೆಸರು. ನಾನು ನಕ್ಕು, "ಅಜ್ಜೀ, ಎತ್ತು ಸೊರಗಿದ್ರ ಹೊಲಾ ಸಣ್ಣದಾಗ್ತೈತೇನು?" ಅಂದೆ. ಭಾರಿ ಜಾಣ ಮಾತು ಆಡಿದೆ ಎಂಬ ಖುಷಿ ನನಗೆ. ಅಜ್ಜಿ ಒಂದು ಕ್ಷಣವೂ ತಡೆಯಲಿಲ್ಲ. "ಎತ್ತು ಸೊರಗಿದ್ರ ಮನಿತನಾನ ಸಣ್ಣದಾಗ್ತೈತಿ. ಹೊಲಾ ಯಾವ ಲೆಕ್ಕ?" ಅಂದುಬಿಟ್ಟರು. ಭರಮಣ್ಣ ನಗು ತಡೆಯಲಾರದೆ ಬಾವುಟ ಹಿಡಿದುಕೊಂಡು ದ್ರಾಕ್ಷಿ ಬಳ್ಳಿಯೊಳಗೆ ಹೋದ.

ಈಗ ಅಕ್ಕಾತಾಯಿಯ ಹೊಲಕ್ಕೆ ಬರುತ್ತೇನೆ.

ಅವರಿಗೆ ಆಗ ಮೂವತ್ತೈದರ ಆಸುಪಾಸು. ಗಂಡ ತೀರಿಕೊಂಡು ವರ್ಷವಾಗಿತ್ತು. ಮೈದುನ ಬಾಳಾಸಾಹೇಬನ ಜೊತೆ ಕೂಡಿದ್ದ ಆರು ಎಕರೆಯನ್ನು ಊರ ಹಿರಿಯರ ಮುಂದೆ ಸಮಾ ಎರಡು ಪಾಲು ಮಾಡಿಕೊಂಡಿದ್ದರು. ಪಡುವಣ ಮೂರು ಎಕರೆ ಮೈದುನನಿಗೆ, ಮೂಡಣ ಮೂರು ಎಕರೆ ಅಕ್ಕಾತಾಯಿಗೆ. ಬಾವಿ ಇದ್ದದ್ದು ಮೂಡಣ ಪಾಲಿನಲ್ಲಿ, ನಡುಗೆರೆಯಿಂದ ಬರೀ ಎರಡು ಅಡಿ ಈಚೆಗೆ. ಗಂಡ ಬದುಕಿದ್ದಾಗ ತಾನೇ ಇಳಿದು ತೋಡಿಸಿದ ಬಾವಿ. ಮೈದುನನಿಗೆ ಹೊಳೆಯಿಂದ ಪೈಪಿನ ನೀರು ಇತ್ತು. ಅಕ್ಕಾತಾಯಿಗೆ ಆ ಬಾವಿ ಬಿಟ್ಟರೆ ಇಲ್ಲ. ಕೃಷ್ಣಾ ಹೊಳೆ ಹೊಲದಲ್ಲಿ ನಿಂತರೆ ಕಣ್ಣಿಗೆ ಕಾಣುತ್ತದೆ, ನಡುವೆ ನಾಲ್ಕು ಮಂದಿಯ ಹೊಲ. ಕಂಡ ನೀರು ಕಬ್ಬಿಗೆ ಬರುವುದಿಲ್ಲ. ಅದಕ್ಕೇ ಹಿರಿಯರು ಬಾವಿ ಆಕೆಗೇ ಎಂದು ಹೇಳಿದ್ದರು. ನನ್ನ ಕೆಲಸ ನಡುಗೆರೆ ಅಳೆದು ಎರಡು ತುದಿಗೆ ಕಲ್ಲು ನೆಡುವುದು. ಇದಕ್ಕೆ ಪೋಡಿ ಅನ್ನುತ್ತಾರೆ. ಇಷ್ಟು ಸುಲಭದ ಪೋಡಿ ಆ ವರ್ಷ ನನಗೆ ಇನ್ನೊಂದು ಸಿಕ್ಕಿರಲಿಲ್ಲ.

ಬೆಳಿಗ್ಗೆ ಏಕಸಂಬಿ ದಾಟಿ ನಡೆದು ಹೋಗುವಾಗ ದಾರಿಯಲ್ಲಿ ಕಬ್ಬಿನ ಗಾಡಿಯೊಂದು ಎರೆಮಣ್ಣಿನ ಕೊರಕಲಿನಲ್ಲಿ ಸಿಕ್ಕಿಕೊಂಡಿತ್ತು. ಎತ್ತುಗಳು ಮೊಣಕಾಲೂರಿ ಬಿಟ್ಟಿದ್ದವು. ಹಗ್ಗ ಕಡಿದುಹೋಗಿತ್ತು. ಗಾಡಿಯವನು ನಮ್ಮ ಹೆಗಲಿನ ಸರಪಳಿ ನೋಡಿ, "ಸಾಹೇಬ್ರ, ಅದೊಂದ್ ಗಳಿಗಿ ಕೊಡ್ರಿ, ನಿಮಗ ಪುಣ್ಯಾ ಬರ್ತೈತಿ" ಎಂದು ಕೈಮುಗಿದ. ಭರಮಣ್ಣ ಎಲೆಯಡಿಕೆ ಚೀಲ ಬಿಚ್ಚಿದ. ನಾನು ನೋಡಿಯೂ ನೋಡಲಿಲ್ಲ. ಮೂಕಪ್ರಾಣಿಗಳ ಕಷ್ಟ ನೋಡಲಾರದೆ ಸರಪಳಿ ಕೊಟ್ಟೆ. ಆರು ಮಂದಿ ಜಗ್ಗಿದರು, ಗಾಡಿ ಮೇಲೆ ಬಂತು. ಎತ್ತುಗಳ ಬೆನ್ನು ತಟ್ಟಿ, ಕಬ್ಬು ತಿನ್ನುತ್ತ, ಏನೋ ಸಾಧಿಸಿದವನಂತೆ ಮುಂದೆ ಹೋದೆ.

ಸರ್ವೇ ಸರಪಳಿ ಎಂದರೆ ಗಾಡಿ ಎಳೆಯುವ ಸರಪಳಿಯಲ್ಲ. ಸಣ್ಣ ಸಣ್ಣ ಕಡ್ಡಿ, ನಡುವೆ ಸಣ್ಣ ಸಣ್ಣ ಬಳೆ. ಜಗ್ಗಿದರೆ ಬಳೆಗಳು ಬಾಯಿ ಬಿಡುತ್ತವೆ, ಕಣ್ಣಿಗೆ ಕಾಣದಷ್ಟು. ಆ ಕಾಣದಷ್ಟನ್ನೆಲ್ಲ ಕೂಡಿಸಿದರೆ ಗೇಣುದ್ದ ಆಗುತ್ತದೆ. ಅದಕ್ಕೆಂದೇ ನಮ್ಮ ಕಚೇರಿಯ ಅಂಗಳದಲ್ಲಿ ಮೂವತ್ತಮೂರು ಅಡಿ ಅಂತರಕ್ಕೆ ಎರಡು ಕಲ್ಲು ಹುಗಿದಿದ್ದರು. ಕೆಲಸಕ್ಕೆ ಹೋಗುವ ಮೊದಲು ಸರಪಳಿಯನ್ನು ಅವುಗಳ ನಡುವೆ ಹಿಡಿದು ನೋಡಬೇಕು. ಆ ಬೆಳಿಗ್ಗೆ ನೋಡಿದ್ದೆ, ಸರಿಯಿತ್ತು. ಗಾಡಿ ಎಳೆದ ಮೇಲೆ ನೋಡಲು ಅಂಗಳ ಎಲ್ಲಿತ್ತು? ನೋಡಬೇಕು ಅಂತ ನೆನಪೂ ಆಗಲಿಲ್ಲ ಅನ್ನುವುದೇ ಖರೆ.

ಹೊಲ ಉತ್ತರ-ದಕ್ಷಿಣ ಉದ್ದ, ಇಪ್ಪತ್ತು ಸರಪಳಿ. ಅಗಲ ಹನ್ನೆರಡು ಸರಪಳಿ. ಅರ್ಧಕ್ಕೆ ಆರು. ಕಬ್ಬು ಕಡಿದು, ಬುಡ ಮತ್ತೆ ಚಿಗುರಲೆಂದು ಕೂಳೆ ಬಿಟ್ಟಿದ್ದರು, ಸಾಲುಗಳು ಬಾಚಿದ ತಲೆಯ ಬೈತಲೆಯ ಹಾಗೆ ನಿಚ್ಚಳ ಕಾಣುತ್ತಿದ್ದವು. ಬಾಳಾಸಾಹೇಬನ ಪಡುವಣ ಬದುವಿನಿಂದ ಆರು ಸರಪಳಿ ಅಳೆದು ಕಲ್ಲು ನೆಟ್ಟೆವು. ಆಮೇಲೆ ಉಳಿದ ಮೂಡಣ ಪಾಲನ್ನೂ ಅಳೆದು ತಾಳೆ ನೋಡಬೇಕು, ಅದು ನಿಯಮ. ಮೂರು ಗಂಟೆಯ ಬಸ್ಸು ಹೋದರೆ ಮುಂದೆ ಬಸ್ಸಿರಲಿಲ್ಲ. ಹನ್ನೆರಡರಲ್ಲಿ ಆರು ಹೋದರೆ ಆರು ಉಳಿಯಲೇಬೇಕಲ್ಲ ಎಂದು ಅಳೆಯದೆಯೇ ಬರೆದುಕೊಂಡೆ. ಅಕ್ಕಾತಾಯಿ ಬಾವಿಯ ಕಟ್ಟೆಯ ಹತ್ತಿರ ನಿಂತು ಕಲ್ಲನ್ನೇ ನೋಡುತ್ತಿದ್ದರು. "ಸಾಹೇಬ್ರ, ಕಲ್ಲು ಇಷ್ಟ ಈಚಿಗಿ ಬಂತೇನ್ರಿ?" ಅಂದರು. ಕಲ್ಲಿನ ಗೆರೆ ಬಾವಿಯ ಕಟ್ಟೆಯನ್ನು ಒಂದಡಿ ಕಚ್ಚಿಕೊಂಡಿತ್ತು. ನಾನು, "ಸರಪಳಿ ಎಲ್ಲಿ ಹೇಳ್ತೈತಿ ಅಲ್ಲೇ ಬರ್ತೈತ್ರೀ ಅಕ್ಕಾ" ಅಂದು ಬಸ್ಸಿಗೆ ಓಡಿದೆ.

ಒಂದು ತಿಂಗಳಾಗಿರಬೇಕು. ಅಕ್ಕಾತಾಯಿ ಕಚೇರಿಗೆ ಬಂದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ನನ್ನ ಮೇಜಿನ ಮುಂದೆ ನಿಂತು, "ಸಾಹೇಬ್ರ, ನನ್ನ ಪಾಲಿನ್ಯಾಗ ಒಂದ್ ಸಾಲು ಕಡಿಮಿ ಐತ್ರಿ" ಅಂದರು.

"ಸಾಲು? ಯಾವ ಸಾಲು?"

"ಕಬ್ಬಿನ ಸಾಲ್ರಿ. ಕೂಡಿದ್ದಾಗ ಒಟ್ಟು ನೂರಾ ಮೂವತ್ತೆರಡು ಸಾಲು. ನಮ್ಮವರ ಸಾಲು ಬಿಟ್ಟಿದ್ದು. ಸಮಾ ಪಾಲು ಅಂದ್ರ ಅರವತ್ತಾರು-ಅರವತ್ತಾರು. ಈಗ ಮೈದುನನ ಕಡೆ ಅರವತ್ತೇಳು ಅದಾವು, ನನ್ನ ಕಡೆ ಅರವತ್ತೈದ. ಮೂರ್ ಸಲ ಎಣಿಸೀನಿ."

ನಾನು ನಕ್ಕೆ. ನಕ್ಕದ್ದನ್ನು ಮುಚ್ಚಿಡುವುದಿಲ್ಲ. ಆಚೀಚೆ ಮೇಜಿನವರೂ ನಕ್ಕರು. "ಅಕ್ಕಾ, ಸರಕಾರ ಸಾಲು ಎಣಿಸಿ ಹೊಲಾ ಅಳ್ಯಾಂಗಿಲ್ರಿ. ಎಕರೆ ಲೆಕ್ಕ ಬ್ಯಾರೆ, ಸಾಲಿನ ಲೆಕ್ಕ ಬ್ಯಾರೆ" ಅಂದೆ.

"ಹ್ಯಾಂಗ ಬ್ಯಾರೆರಿ? ಇಪ್ಪತ್ತೆರಡು ಸಾಲಿಗೆ ಒಂದ್ ಎಕ್ರೆ ಅಂತಿದ್ರು ನಮ್ಮವರು." ಅವರ ದನಿ ಸ್ವಲ್ಪ ಏರಿತು. "ಸಾಹೇಬ್ರ, ಸಾಲಿಂದ್ ಇರ್ಲಿ, ನನ್ನ ಬಾವಿ ಹೋತ್ರಿ. ಕಲ್ಲಿನ ಗೆರಿ ಬಾವಿ ಕಟ್ಟಿ ಮ್ಯಾಲ ಐತಿ, ಬಾವಿ ಇಬ್ಬರದೂ ಅಂತಾನ ಮೈದುನ. ನಾಕು ದಿನ ತಾ ಮೋಟರ್ ಹಚ್ತಾನ, ನನಗ ಬರೂದ್ರಾಗ ತಳಾ ಕಾಣ್ತೈತಿ. ಕೂಳಿ ಕಬ್ಬು ಹಳದಿ ಆಗ್ಯಾವು. ಒಂದ್ ಸಲ ಬಂದು ನೋಡ್ರಿ."

ಬರುತ್ತೇನೆ ಅಂದೆ. ಹೋಗಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಅವತ್ತು ನಮ್ಮ ತಪಾಸಣೆ ಅಧಿಕಾರಿ ಹವಾಲ್ದಾರ ಸಾಹೇಬರು ಒಳಗಿನ ಕೋಣೆಯಲ್ಲಿದ್ದರು. ಹವಾಲ್ದಾರ ಎಂಬುದು ಅವರ ಮನೆತನದ ಅಡ್ಡಹೆಸರು. ಆಸಾಮಿ ಬಹಳ ಮೆತ್ತಗೆ, ಓದಿನ ಹುಚ್ಚು, ಬೀಡಿಯ ಹುಚ್ಚು, ಚೀಲದಲ್ಲಿ ಸದಾ ಒಂದು ಹರಕು ಇಂಗ್ಲಿಷ್ ನಿಘಂಟು. ಅಕ್ಕಾತಾಯಿ ಅದೇ ಮಾತು ಹೇಳಿದರು, ನಾನು ಅದೇ ಉತ್ತರ ಹೇಳಿದೆ. ಆಕೆ ಹೋದ ಮೇಲೆ ಸಾಹೇಬರು ನನ್ನನ್ನು ಒಳಗೆ ಕರೆದರು.

"ತಮ್ಮಾ, ಆಕಿ ಏನಂದ್ಲು? ಎಷ್ಟ್ ಸಾಲಿಗೆ ಒಂದ್ ಎಕರೆ?"

"ಇಪ್ಪತ್ತೆರಡಂತ್ರಿ ಸರ್. ಹಳ್ಳಿ ಮಂದಿ, ಏನೋ ಅಂತಾರ."

"ಸಾಲು ಎಷ್ಟ್ ಉದ್ದ ಅದಾವು?"

"ಇಪ್ಪತ್ತ್ ಸರಪಳಿ. ಆರ್ನೂರ ಅರವತ್ ಅಡಿ."

"ಅಂದ್ರ ಒಂದ್ ಫರ್ಲಾಂಗ. ಸಾಲಿಂದ ಸಾಲಿಗೆ?"

"ಮೂರ್ ಅಡಿ ಸರ್."

ಸಾಹೇಬರು ಬೀಡಿ ಆರಿಸಿದರು. ನಿಘಂಟು ತೆಗೆದು ಹಾಳೆ ತಿರುವಿ ನನ್ನ ಮುಂದೆ ಇಟ್ಟರು. ಅಂದು ಅವರು ಬಿಡಿಸಿ ಹೇಳಿದ್ದನ್ನು ನಾನು ಈ ಹೊತ್ತಿಗೂ ಮರೆತಿಲ್ಲ. ಹೊಸಬರು ನೀವೂ ಕೇಳಿ.

ಎಕರೆ ಮೊದಲು ಅಳತೆಯೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬರೀ ಹೊಲ, ಬಯಲು. ನಮ್ಮ ವೇದದಲ್ಲಿ ಬಯಲಿಗೆ ಅಜ್ರ ಅನ್ನುವ ಮಾತಿದೆಯಂತೆ. ಎರಡೂ ಒಂದೇ ಬೇರಿನವು ಎಂದು ಬಲ್ಲವರು ಹೇಳುತ್ತಾರೆ. ಜರ್ಮನ್ ಜನ ಸ್ಮಶಾನಕ್ಕೆ ದೇವರ ಹೊಲ ಅನ್ನುವಾಗ ಇದೇ ಮಾತು ಬಳಸುತ್ತಾರೆ. ಆಮೇಲಾಮೇಲೆ ಇಂಗ್ಲಿಷ್ ರೈತರು ಒಂದು ನೊಗದ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲಕ್ಕೆ ಎಕರೆ ಅಂದರು. ನಮ್ಮ ಕಾಗವಾಡದ ಅಜ್ಜಿಯ ಕೂರಿಗೆಯ ಲೆಕ್ಕವೇ. ಜಿಗಟು ನೆಲದಲ್ಲಿ ಎಕರೆ ಸಣ್ಣದು, ಸಡಿಲು ನೆಲದಲ್ಲಿ ದೊಡ್ಡದು. ಆಮೇಲೆ ರಾಜರು ಬಂದು ಎಲ್ಲ ಕಡೆ ಒಂದೇ ಇರಲಿ ಎಂದು ಕಟ್ಟು ಮಾಡಿದರು.

ಫರ್ಲಾಂಗು ಅಂದರೆ ನೇಗಿಲ ಸಾಲಿನ ಉದ್ದ, ಆ ಮಾತಿನ ಅರ್ಥವೇ ಅದು. ಎತ್ತು ಒಂದೇ ದಮ್ಮಿಗೆ ಎಳೆದು ಉಸಿರು ತೆಗೆದುಕೊಳ್ಳಲು ನಿಲ್ಲುವ ದೂರ. ಒಂದು ಫರ್ಲಾಂಗು ಉದ್ದ, ಅರವತ್ತಾರು ಅಡಿ ಅಗಲದ ಪಟ್ಟಿ, ಅದೇ ಎಕರೆ. ಅರವತ್ತಾರನ್ನು ಮೂರಡಿಯ ಸಾಲಿನಿಂದ ಭಾಗಿಸು ಅಂದರು ಸಾಹೇಬರು. ಭಾಗಿಸಿದೆ. ಇಪ್ಪತ್ತೆರಡು ಬಂತು.

"ಆಕಿ ಹೇಳಿದ್ದು ಹಳ್ಳಿ ಮಾತಲ್ಲೋ ತಮ್ಮಾ. ಎಕರೆ ಹುಟ್ಟಿದ್ದ ಹಂಗ. ನೀ ಹಿಡಕೊಂಡು ಅಡ್ಡಾಡೋ ಸರಪಳಿ ಮೊನ್ನಿ ಮೊನ್ನಿ ಬಂದದ್ದು. ಹೋಗು, ನಿನ್ನ ಸರಪಳಿ ತಗೊಂಬಾ."

ಅಂಗಳದ ಎರಡು ಕಲ್ಲಿನ ನಡುವೆ ಸರಪಳಿ ಹಿಡಿದೆವು. ಒಂದು ತುದಿ ಭರಮಣ್ಣ, ಇನ್ನೊಂದು ತುದಿ ನಾನು. ನನ್ನ ತುದಿಯಲ್ಲಿ ಸರಪಳಿ ಕಲ್ಲು ದಾಟಿ ಅರ್ಧ ಅಡಿ ಮುಂದೆ ಬಂತು. ಕಬ್ಬಿನ ಗಾಡಿ ನೆನಪಾಯಿತು. ಅರ್ಧ ಅಡಿಯಂತೆ ಆರು ಸಲ, ಮೂರು ಅಡಿ. ಒಂದು ಸಾಲು. ಒಂದು ಬಾವಿ. ನಡುವೆ ಎಷ್ಟು ದಿನ ಅಂಗಳದಲ್ಲಿ ಹಿಡಿದು ನೋಡದೆಯೇ ಹೋಗಿದ್ದೆ ಅನ್ನುವುದೂ ಅಲ್ಲೇ ಬಯಲಾಯಿತು. ಆ ದಿನಗಳಲ್ಲಿ ಅಳೆದ ಇನ್ನೆರಡು ಹೊಲವನ್ನೂ ಆಮೇಲೆ ಮತ್ತೆ ಅಳೆಯಬೇಕಾಯಿತು. ಪುಣ್ಯಕ್ಕೆ ಅಲ್ಲಿ ಇನ್ನೂ ಕಲ್ಲು ನೆಟ್ಟಿರಲಿಲ್ಲ.

ಸಾಹೇಬರು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. "ನೋಡು ತಮ್ಮಾ, ಈ ತಪ್ಪು ನಾ ಬರದ್ರ ಅದು ಶಿಕ್ಷಾ. ನೀನಾಗಿ ಬರದ್ರ ಅದು ದುರಸ್ತಿ. ಎಂಟು ದಿನ ಬಿಡ್ತೀನಿ" ಅಂದರು. ನಮ್ಮ ಇಲಾಖೆಯಲ್ಲಿ ತಪ್ಪಿದ ಅಳತೆಯನ್ನು ತಿದ್ದುವುದಕ್ಕೆ ದುರಸ್ತಿ ಅಂತಲೇ ಹೆಸರು. ಅದಕ್ಕೆ ಅಳೆದವನೇ ಅರ್ಜಿ ಬರೆಯಬೇಕು: ಸರಪಳಿ ಪರೀಕ್ಷಿಸಲಿಲ್ಲ, ಉಳಿದ ಪಾಲು ಅಳೆಯಲಿಲ್ಲ, ಕಲ್ಲು ತಪ್ಪು ನೆಟ್ಟೆ.

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೊದಲ ದಿನ ಕಾಗದ ತೆಗೆದೆ, ಮಡಿಸಿಟ್ಟೆ. ಎರಡನೇ ದಿನ ಭರಮಣ್ಣ ಸುತ್ತಿಗೆ ತಂದು ಸರಪಳಿಯ ಬಳೆಗಳನ್ನು ಒಂದೊಂದಾಗಿ ಬಡಿದು ಸರಿಮಾಡಿದ. ಮೂರನೇ ದಿನ, ಬಾಳಾಸಾಹೇಬನಿಗೂ ಆ ಬಾವಿ ಬೇಕೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮನುಷ್ಯನ ಮನಸ್ಸು ಎಂಥ ಲುಚ್ಚಾ ನೋಡಿ. ಐದನೇ ದಿನ ಭರಮಣ್ಣ ಆ ಊರ ಕಡೆಯ ಸಂತೆಗೆ ಹೋಗಿ ಬಂದ. "ಆಕಿ ಕೊಡಾ ಹೊತ್ತು ನೀರು ಹಾಕಾಕತ್ತಾಳ್ರಿ. ಮೂರ್ ಎಕ್ರೆಕ್ಕ ಕೊಡಾ!" ಅಂದವನೇ ಎಲೆಯಡಿಕೆ ಚೀಲವನ್ನೂ ಬಿಚ್ಚದೆ ಎದ್ದು ಹೋದ.

ಆ ಹೊತ್ತಿಗೇ ಬರೆದೆ. ಅವಸರಕ್ಕೆ ಅಕ್ಷರ ಒಂದರ ಮೇಲೊಂದು ಬಿದ್ದು ಈಗ ನೋಡಿದರೂ ನಗು ಬರುವಂತಿದ್ದವು. ಸಾಹೇಬರು ಓದಿ, ಒಂದು ಕಡೆ ಒತ್ತಕ್ಷರ ತಿದ್ದಿ, ಸಹಿ ಹಾಕಿದರು. ಮುಂದೆ ನನಗೆ ಒಂದು ತಾಕೀತು ಬಂತು, ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಜೀವ ಹೋಗಲಿಲ್ಲ.

ಇಲ್ಲಿ ಹೊಸಬರಿಗೆ ಒಂದು ಮಾತು. ನಿಮ್ಮ ಈಗಿನ ಯಂತ್ರ ಹಿಗ್ಗುವುದಿಲ್ಲ, ಗಾಡಿ ಎಳೆಯಲೂ ಬರುವುದಿಲ್ಲ. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿದೆ, ದ್ವೇಷವಿಲ್ಲ. ನಾನು ಕೊನೆಯ ವರ್ಷಗಳಲ್ಲಿ ಅದನ್ನು ಹಿಡಿದು ನಡೆದಿದ್ದೇನೆ. ಒಂದು ದಿನದ ಕೆಲಸ ಒಂದು ತಾಸಿಗೆ ಮುಗಿಯುತ್ತದೆ. ಆದರೆ ಮುಗಿದ ಕೂಡಲೇ ಗಾಡಿ ಹತ್ತುತ್ತೀರಿ, ಅದು ನನಗೆ ಸೇರುವುದಿಲ್ಲ. ಹೊಲದವರು ಏನೋ ಹೇಳಲು ಬಾಯಿ ತೆರೆದಿರುತ್ತಾರೆ. ನಿಮ್ಮ ಬಸ್ಸು ಹೋಗುವುದಿಲ್ಲವಲ್ಲ, ಸ್ವಲ್ಪ ನಿಂತು ಕೇಳಿ.

ಮತ್ತೆ ಅಳೆಯುವ ದಿನ ಹವಾಲ್ದಾರ ಸಾಹೇಬರು ತಮ್ಮ ಉಕ್ಕಿನ ಟೇಪು ಕೊಟ್ಟು ಕಳಿಸಿದರು. ತಾವು ಬರಲಿಲ್ಲ. ಊರ ಹಿರಿಯರು ನಾಲ್ವರು ಬಂದರು. ಬಾಳಾಸಾಹೇಬ ಬದುವಿನ ಮೇಲೆ ಕೈಕಟ್ಟಿಕೊಂಡು ಕೂತಿದ್ದ. ಅವನ ಸಿಟ್ಟೂ ಸುಳ್ಳಲ್ಲ. ಸರಕಾರದ ಕಲ್ಲನ್ನು ನಂಬಿದ್ದು ಅವನ ತಪ್ಪೇ? "ಮೊದಲು ನೆಟ್ಟಾವ್ರೂ ನೀವ, ಈಗ ಕೀಳಾವ್ರೂ ನೀವ. ನಾಳೆ ಯಾರ ಕಡೆ ಸರಸ್ತೀರಿ?" ಅಂದ.

ಎಲ್ಲರ ಎದುರು ನಾನು, "ತಪ್ಪು ನಂದು. ಸರಪಳಿ ಉದ್ದ ಆಗಿತ್ತು, ನೋಡ್ಕೊಳ್ಳಲಿಲ್ಲ" ಅಂದೆ. ಅಕ್ಕಾತಾಯಿಯ ಕಡೆ ತಿರುಗಿ, "ಅಕ್ಕಾ, ನಿಮಗ ಭಾಳ ತ್ರಾಸ ಆತು, ಕ್ಷಮಾ ಮಾಡ್ರಿ" ಅಂದೆ.

"ಉದ್ದ ಆದದ್ದಕ್ಕ ನನಗ ಸಿಟ್ಟಿಲ್ರಿ. ಕಬ್ಬಿಣ, ಆಗ್ತೈತಿ. ನಾ ಮೂರ್ ಸಲ ಎಣಿಸಿ ಬಂದು ಹೇಳಿದ್ನಿ, ನೀವು ಒಂದ್ ಸಲಾನೂ ಬಂದು ಎಣಿಸಲಿಲ್ಲ. ನಕ್ರಿ." ಇಷ್ಟೇ ಅಂದದ್ದು. ದನಿ ಏರಿಸಲಿಲ್ಲ.

ಅವತ್ತು ಎರಡೂ ಪಾಲು ಅಳೆದೆ. ಪಡುವಣದಿಂದ ನೂರಾ ತೊಂಬತ್ತೆಂಟು ಅಡಿ, ಮೂಡಣದಿಂದ ನೂರಾ ತೊಂಬತ್ತೆಂಟು ಅಡಿ. ಟೇಪಿನ ಎರಡೂ ತುದಿ ಒಂದೇ ಗುರುತಿಗೆ ಬಂದವು. ಆಮೇಲೆ ಆಕೆಯ ಜೊತೆ ಹೊಲದಲ್ಲಿ ಅಡ್ಡ ನಡೆದು ಸಾಲನ್ನೂ ಎಣಿಸಿದೆ. ಅವರು ಮುಂದೆ, ನಾನು ಹಿಂದೆ. ಕೂಳೆ ಕಬ್ಬು ಕೆಲವು ಕಡೆ ಒಣಗಿ ಸುರುಳಿ ಸುತ್ತಿದ್ದವು. ಅಂಥ ಬುಡ ಬಂದಾಗಲೂ ಆಕೆ ಎಣಿಕೆ ತಪ್ಪಿಸದೆ ದಾಟುತ್ತಿದ್ದರು. ಒಣಗಿದ ಕಬ್ಬಿಗೆ ಯಾವ ದುರಸ್ತಿ ಅರ್ಜಿಯೂ ಇಲ್ಲ.

ಹಳೆಯ ಕಲ್ಲು ಕಿತ್ತು, ದಕ್ಷಿಣದ್ದನ್ನು ಗುರುತಿಗೆ ನೆಟ್ಟು, ಬಾವಿಯ ಹತ್ತಿರದ ಉತ್ತರದ ಕಲ್ಲಿಗೆ ಬಂದೆವು. ಭರಮಣ್ಣ ಗುರುತಿನ ಮೇಲೆ ಕುಣಿ ತೋಡಲು ಗುದ್ದಲಿ ಎತ್ತಿದ. ನನಗೆ ಏನನ್ನಿಸಿತೋ, "ಇಲ್ಲಿ ತೋಡು" ಎಂದು ಗುರುತಿನಿಂದ ಒಂದು ಅಡಿ ಪಡುವಣಕ್ಕೆ ತೋರಿಸಿದೆ. ಒಂದೇ ಒಂದು ಅಡಿ. ಬಾವಿಗೆ ಸುತ್ತ ಜಾಗ ಆಗಲಿ, ಎರಡು ತಿಂಗಳು ಆಕೆ ಪಟ್ಟ ಪಾಡಿಗೆ ಅಷ್ಟಾದರೂ ಆಗಲಿ ಎಂದು. ಭರಮಣ್ಣ ನನ್ನ ಮುಖ ನೋಡಿದ, ಚೀಲದ ಕಡೆ ಕೈ ಹೋಯಿತು. ಮತ್ತೆ ಏನನ್ನಿಸಿತೋ, ತೋಡಿದ. ಕಲ್ಲು ನಿಲ್ಲಿಸಿದೆವು. ಟೇಪು ಸುತ್ತಿಬಿಟ್ಟಿದ್ದೆ. ಬಾಳಾಸಾಹೇಬ ಎದ್ದು ನೋಡುವ ಮನಸ್ಸಿನಲ್ಲಿ ಇರಲಿಲ್ಲ. ಯಾರಿಗೂ ತಿಳಿಯುತ್ತಿರಲಿಲ್ಲ.

ಅಕ್ಕಾತಾಯಿ ಬಂದು ಕಲ್ಲಿನ ಹತ್ತಿರ ಕೂತರು. ಕಲ್ಲಿನಿಂದ ತಮ್ಮ ಕಡೆಯ ಕೂಳೆಗೆ ಗೇಣು ಹಾಕಿದರು, ಮೈದುನನ ಕಡೆಯ ಕೂಳೆಗೆ ಗೇಣು ಹಾಕಿದರು.

"ಕಲ್ಲು ಎರಡ್ ಸಾಲಿನ ನಟ್ಟನಡುವ ಇರಬೇಕ್ರಿ. ಇದು ಅವನ ಕಬ್ಬಿನ ಬುಡಕ್ಕ ಹೋಗಿ ಕುಂತೈತಿ."

"ಇರ್ಲಿ ಬಿಡ್ರಿ ಅಕ್ಕಾ" ಅಂದೆ ಮೆಲ್ಲಗೆ. "ನಿಮ್ಮ ಬಾವಿಗೆ ಅನುಕೂಲ ಆಗ್ತೈತಿ. ನಿಮಗ ಅಷ್ಟು ನುಕ್ಸಾನ ಆಗೈತಿ..."

ಆಕೆ ಎದ್ದು ನಿಂತು ಕೈಯ ಮಣ್ಣು ಕೊಡವಿಕೊಂಡರು. ನನ್ನನ್ನು ನೇರ ನೋಡಿದರು.

"ಸಾಹೇಬ್ರ, ನಾ ನಿಮ್ಮ ಕಡೆ ದಯಾ ಕೇಳಾಕ ಬಂದಿದ್ನೇನ್ರಿ? ಅಳತಿ ಕೇಳಾಕ ಬಂದಿದ್ನಿ."

ಮೊದಲ ತಪ್ಪಿಗೆ ನನಗೆ ಭಯವಾಗಿತ್ತು. ಈ ಎರಡನೆಯದಕ್ಕೆ ನಾಚಿಕೆಯಾಯಿತು. ಕಲ್ಲಿಗೆ ಕೈ ಹಾಕಿದೆ. ಭರಮಣ್ಣ ಇನ್ನೊಂದು ಮಗ್ಗುಲು ಹಿಡಿದ. ಕಲ್ಲು ಅಲುಗಲಿಲ್ಲ, ಮಣ್ಣು ಆಗಲೇ ಹಿಡಿದುಕೊಂಡಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಜೊತೆ ಕೈ ಬಂತು. ಬಾಳಾಸಾಹೇಬ. ಬದುವಿನಿಂದ ಎಲ್ಲ ಕೇಳಿಸಿಕೊಂಡಿದ್ದ. "ಅತ್ತಾಗ ಸರಿ ವೈನಿ, ಕಾಲ ಮ್ಯಾಲ ಬಿದ್ದೀತು" ಅಂದ ಅಣ್ಣನ ಹೆಂಡತಿಗೆ.

ಮೂವರೂ ಸೇರಿ ಎತ್ತಿ ಒಂದು ಅಡಿ ಮೂಡಣಕ್ಕೆ, ಟೇಪು ತೋರಿಸಿದ ಗುರುತಿಗೆ, ಕಲ್ಲು ಇಳಿಸಿದೆವು. ಬಾಳಾಸಾಹೇಬ ಕಾಲಿನಿಂದ ಮಣ್ಣು ತುಳಿದು ಗಟ್ಟಿ ಮಾಡಿದ. ಅಕ್ಕಾತಾಯಿ ಮತ್ತೆ ಕೂತು ಆ ಕಡೆ ಈ ಕಡೆ ಗೇಣು ಹಾಕಿ ನೋಡಿದರು.

"ಹಾಂ, ಈಗ ಬರೋಬರಿ ಐತಿ" ಅಂದರು. "ಬರ್ಕೋರಿ."